ಶ್ರವಣ ಸಾಧನ ಆರಿಸುವುದು ಹೇಗೆ: ದಿನಚರಿಗೂ ಜೇಬಿಗೂ ಹೊಂದುವ ಕಿವಿ ಮಷೀನು

"ಅಪ್ಪನಿಗೆ ಕಿವಿ ಮಂದವಾಗಿದೆ. ಯಾವ ಕಂಪನಿಯ ಮಷೀನು ಒಳ್ಳೆಯದು, ಎಷ್ಟಾಗುತ್ತೆ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಫೋನಾಕ್, ಸಿಗ್ನಿಯಾ, ಓಟಿಕಾನ್, ರೀಸೌಂಡ್, ವೈಡೆಕ್ಸ್, ಸ್ಟಾರ್ಕಿ ಹೀಗೆ ಹೆಸರು ಮಾಡಿದ ಕಂಪನಿಗಳೆಲ್ಲ ಸಾಧಾರಣ ಬೆಲೆಯ ಸಾಧನವನ್ನೂ ಮಾಡುತ್ತವೆ, ಲಕ್ಷ ದಾಟುವುದನ್ನೂ ಮಾಡುತ್ತವೆ. ಎರಡನ್ನೂ ನೆಮ್ಮದಿಯಿಂದ ಬಳಸುವವರಿದ್ದಾರೆ. ಎರಡನ್ನೂ ಹದಿನೈದೇ ದಿನಕ್ಕೆ ಬೀರುವಿಗೆ ಸೇರಿಸಿದವರೂ ಇದ್ದಾರೆ. ಹಾಗಾಗಿ ಕಂಪನಿಯ ಹೆಸರು ಕೊನೆಯಲ್ಲಿ ನೋಡಬೇಕಾದ ಸಂಗತಿ. ಸಾಧನ ಆ ಕಿವಿಯ ನಷ್ಟಕ್ಕೆ ತಕ್ಕದ್ದೇ, ಅವರು ದಿನ ಕಳೆಯುವ ಜಾಗಗಳಿಗೆ ಒಗ್ಗುತ್ತದೆಯೇ, ಕೊಂಡ ಮೇಲೆ ಅದನ್ನು ತಿದ್ದಿ ತಿದ್ದಿ ಹದಕ್ಕೆ ತಂದುಕೊಡುವವರು ಕೈಗೆಟಕುವ ದೂರದಲ್ಲಿದ್ದಾರೆಯೇ ಎಂಬುದನ್ನು ಮೊದಲು ನೋಡಿ. ಮೂರರಲ್ಲಿ ಕೊನೆಯದನ್ನೇ ಜನ ಹೆಚ್ಚಾಗಿ ಕಡೆಗಣಿಸುವುದು, ದುಡ್ಡು ಹಾಳಾಗುವುದೂ ಅಲ್ಲೇ.

ಇಲ್ಲಿ ಹೇಳಿರುವುದು ದೊಡ್ಡವರ ಕಿವಿಯ ವಿಷಯ. ಮಗುವಿಗೆ ಕೇಳಿಸುತ್ತಿಲ್ಲ ಎಂಬ ಅನುಮಾನ ಇದ್ದರೆ "ದೊಡ್ಡದಾದ ಮೇಲೆ ಸರಿಹೋಗುತ್ತೆ" ಎಂದು ಕಾಯಬೇಡಿ. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಸಾಧನ ಎಂಬುದು ಎಲ್ಲೆಡೆ ಪಾಲಿಸುವ ಗಡುವು. ಮಾತು ಕಲಿಯುವ ವಯಸ್ಸು ಕಳೆದರೆ ಆ ನಷ್ಟ ತುಂಬುವುದು ಬಹಳ ಕಷ್ಟ.

ಹಂತ 1: ಮೊದಲು ಇಎನ್‌ಟಿ ವೈದ್ಯರು

ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿದ್ದರೂ ಕೇಳಿಸುವುದಿಲ್ಲ, ತಮಟೆಯಲ್ಲಿ ತೂತಿದ್ದರೂ ಕೇಳಿಸುವುದಿಲ್ಲ. ಇವು ಚಿಕಿತ್ಸೆಯಿಂದ ಸರಿಹೋಗುವಂಥವು. ಅದಕ್ಕೆ ಅಂಗಡಿಗಿಂತ ಮುಂಚೆ ವೈದ್ಯರು ಕಿವಿಯೊಳಗೆ ನೋಡಬೇಕು. ಕೆಳಗಿನ ಲಕ್ಷಣಗಳಿದ್ದರಂತೂ ತಡ ಮಾಡಲೇಬೇಡಿ:

- ಕಿವಿ ಸೋರುವುದು, ನೋವು, ರಕ್ತ
- ಒಂದೇ ಕಿವಿ ಮಂದವಾಗಿರುವುದು, ಅಥವಾ ಒಂದೇ ಕಿವಿಯಲ್ಲಿ ಗುಂಯ್ ಎಂಬ ಸದ್ದು
- ತಲೆ ತಿರುಗುವುದು, ನಡೆಯುವಾಗ ವಾಲುವುದು
- ನಿನ್ನೆ ಮೊನ್ನೆಯವರೆಗೆ ಚೆನ್ನಾಗಿ ಕೇಳುತ್ತಿದ್ದ ಕಿವಿ ಇದ್ದಕ್ಕಿದ್ದಂತೆ ಹೋಗುವುದು

ಕೊನೆಯದು ತುರ್ತು. ಒಳಗಿವಿಯ ನರಕ್ಕೆ ಹಠಾತ್ತಾಗಿ ಪೆಟ್ಟು ಬಿದ್ದಾಗ ಸ್ಟೀರಾಯ್ಡ್ ಚಿಕಿತ್ಸೆಯನ್ನು ಮೊದಲ ಕೆಲವೇ ದಿನಗಳಲ್ಲಿ ಶುರು ಮಾಡಿದರೆ ಕೇಳ್ಮೆ ಮರಳುವ ಸಾಧ್ಯತೆ ಹೆಚ್ಚು. "ಶೀತಕ್ಕೆ ಕಿವಿ ಕಟ್ಟಿರಬೇಕು" ಎಂದು ಎಣ್ಣೆ ಬಿಟ್ಟುಕೊಂಡು ವಾರ ಕಳೆದರೆ ಆ ಅವಕಾಶ ಕೈತಪ್ಪುತ್ತದೆ.

ಹಂತ 2: ಪರೀಕ್ಷೆ ಮಾಡಿಸಿ, ಆ ಕಾಗದ ನಿಮ್ಮ ಕೈಗೆ ತೆಗೆದುಕೊಳ್ಳಿ

ಕಿವಿಯ ಪರೀಕ್ಷೆ ನಡೆಯಬೇಕಾದದ್ದು ಸದ್ದು ಒಳಬಾರದ ಕೋಣೆಯಲ್ಲಿ. ಫ್ಯಾನು ತಿರುಗುವ, ರಸ್ತೆಯ ಹಾರ್ನ್ ಕೇಳಿಸುವ ಕೋಣೆಯಲ್ಲಿ ತೆಗೆದ ಅಂಕಿ ನಂಬುವಂಥದ್ದಲ್ಲ; ಸಣ್ಣ ಸದ್ದುಗಳೆಲ್ಲ ಮುಚ್ಚಿಹೋಗಿ ನಷ್ಟ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಶಿಬಿರಗಳಲ್ಲಿ, ಮೊಬೈಲ್ ಆಪ್‌ನಲ್ಲಿ ಮಾಡುವ ಉಚಿತ ಪರೀಕ್ಷೆ ತೊಂದರೆ ಇದೆಯೋ ಇಲ್ಲವೋ ಎಂಬ ಸುಳಿವಿಗೆ ಸಾಕು, ಸಾಧನ ಕೊಳ್ಳಲು ಸಾಲದು. ಪರೀಕ್ಷೆ ಮಾಡುವವರು ಆಡಿಯಾಲಜಿಸ್ಟ್, ಅಂದರೆ ಶ್ರವಣ ಶಾಸ್ತ್ರದಲ್ಲಿ ಪದವಿ ಪಡೆದವರಾಗಿರಬೇಕು. ಅವರಿಗೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐನ ನೋಂದಣಿ ಸಂಖ್ಯೆ ಇರುತ್ತದೆ. ಕೇಳಲು ಸಂಕೋಚ ಬೇಡ. ಹಿಂದಿನ ದಿನ ಪಟಾಕಿ, ಡಿಜೆ, ಹಿಟ್ಟಿನ ಗಿರಣಿಯಂಥ ಜೋರು ಸದ್ದಿನಲ್ಲಿ ಇರಬೇಡಿ.

ಬೇಕಾಗುವ ಪರೀಕ್ಷೆಗಳು ಮೂರು. ಬೇರೆ ಬೇರೆ ಸ್ವರದ ಸದ್ದು ಕೇಳಿಸಿ ಎಷ್ಟು ಸಣ್ಣದರವರೆಗೆ ಕೇಳುತ್ತದೆ ಎಂದು ಗುರುತಿಸುವುದು ಮೊದಲನೆಯದು. ಇದರ ನಕ್ಷೆಯೇ ಆಡಿಯೋಗ್ರಾಂ. ತಮಟೆ ಮತ್ತು ಮಧ್ಯಕಿವಿ ಸರಿಯಾಗಿ ಕದಲುತ್ತಿವೆಯೇ ಎಂದು ನೋಡುವ ಇಂಪಿಡೆನ್ಸ್ ಪರೀಕ್ಷೆ ಎರಡನೆಯದು. ಮೂರನೆಯದು ಮಾತಿನ ಪರೀಕ್ಷೆ: ಸಾಕಷ್ಟು ಜೋರಾಗಿ ಕೇಳಿಸಿದ ಪದಗಳಲ್ಲಿ ನೂರಕ್ಕೆ ಎಷ್ಟನ್ನು ಸರಿಯಾಗಿ ಮರುನುಡಿಯುತ್ತಾರೆ ಎಂಬ ಅಂಕ. ಇದನ್ನು ಕನ್ನಡದ ಪದಪಟ್ಟಿಯಲ್ಲೇ, ಅಥವಾ ಅವರ ಮನೆಮಾತಿನಲ್ಲೇ ಮಾಡಿಸಿ. ಹಲವು ಕಡೆ ಈ ಮೂರನೆಯದನ್ನು ಬಿಟ್ಟುಬಿಡುತ್ತಾರೆ. ಸಾಧನದಿಂದ ಎಷ್ಟು ಉಪಯೋಗ ನಿರೀಕ್ಷಿಸಬಹುದು ಎಂದು ಹೇಳುವುದು ಮುಖ್ಯವಾಗಿ ಈ ಅಂಕವೇ. ಜೋರಾಗಿ ಕೇಳಿಸಿದರೂ ಅರ್ಧಕ್ಕಿಂತ ಕಡಿಮೆ ಪದ ಹಿಡಿಯುವವರಿಗೆ ಎಷ್ಟು ದುಬಾರಿ ಸಾಧನ ಹಾಕಿದರೂ ಮಾತು ಪೂರ್ತಿ ತಿಳಿಯಾಗುವುದಿಲ್ಲ. ಅಂಥವರು ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಗಿವಿಗೆ ಶಸ್ತ್ರಚಿಕಿತ್ಸೆಯಿಂದ ಕೂರಿಸುವ ಸಾಧನದ ಬಗ್ಗೆಯೂ ಸಲಹೆ ಪಡೆಯಬೇಕು.

ಆಡಿಯೋಗ್ರಾಂ ಓದುವುದು ಕಷ್ಟವಲ್ಲ. ಎಡದಿಂದ ಬಲಕ್ಕೆ 250ರಿಂದ 8000 ಹರ್ಟ್ಸ್ ತನಕ ಸ್ವರ ಏರುತ್ತದೆ. ಮೇಲಿಂದ ಕೆಳಕ್ಕೆ ಡೆಸಿಬೆಲ್ ಲೆಕ್ಕದಲ್ಲಿ ಸದ್ದು ಜೋರಾಗುತ್ತದೆ. ಕೆಂಪು ಸೊನ್ನೆ ಬಲಗಿವಿ, ನೀಲಿ ಕತ್ತರಿ ಗುರುತು ಎಡಗಿವಿ. ಗುರುತು ಕೆಳಗಿಳಿದಷ್ಟೂ ನಷ್ಟ ಹೆಚ್ಚು. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಲೆಕ್ಕ ಹೀಗಿದೆ:

- 25 ಡೆಸಿಬೆಲ್ ತನಕ: ಸಹಜ
- 26–40: ಅಲ್ಪ
- 41–55: ಮಧ್ಯಮ
- 56–70: ಮಧ್ಯಮಕ್ಕಿಂತ ಹೆಚ್ಚು
- 71–90: ತೀವ್ರ
- 90ರ ಮೇಲೆ: ಅತಿ ತೀವ್ರ

ವಯಸ್ಸಿನಿಂದ ಬರುವ ಕಿವುಡಿನಲ್ಲಿ ಗೆರೆ ಎಡಕ್ಕೆ ಸರಿಯಾಗಿದ್ದು ಬಲಕ್ಕೆ ಹೋದಂತೆ ಇಳಿಜಾರಾಗುತ್ತದೆ. ಸ್ವರಾಕ್ಷರಗಳು ಕೇಳುತ್ತವೆ, ಸ, ಶ, ತ, ಕದಂಥ ಮೆಲುದನಿಯ ವ್ಯಂಜನಗಳು ಜಾರಿಹೋಗುತ್ತವೆ. ಊಟಕ್ಕೆ ಬಡಿಸುವಾಗ "ಸಾಕಾ?" ಅಂದದ್ದು "ಹಾಕಾ?" ಎಂದು ಕೇಳುವುದು ಇದಕ್ಕೇ. "ನೀವು ಮಾತಾಡೋದು ಕೇಳುತ್ತೆ, ಏನಂದಿರಿ ಅನ್ನೋದು ಗೊತ್ತಾಗಲ್ಲ" ಎಂದು ಹಿರಿಯರು ಹೇಳಿದರೆ ಅದು ಹಠವಲ್ಲ, ಈ ಇಳಿಜಾರು. ಇಂಥವರ ಮುಂದೆ ಕಿರುಚಿದರೆ ಉಪಯೋಗವಿಲ್ಲ. ಕಿರುಚಿದಾಗ ದೊಡ್ಡದಾಗುವುದು ಅವರಿಗೆ ಈಗಾಗಲೇ ಕೇಳುತ್ತಿರುವ ಸ್ವರವೇ ಹೊರತು ವ್ಯಂಜನವಲ್ಲ.

ಆನ್‌ಲೈನ್‌ನಲ್ಲಿ ಐನೂರು, ಸಾವಿರಕ್ಕೆ ಸಿಗುವ 'ಸೌಂಡ್ ಆಂಪ್ಲಿಫೈಯರ್' ಬೇಡ ಎನ್ನುವುದೂ ಇದೇ ಕಾರಣಕ್ಕೆ. ಅದು ಎಲ್ಲ ಸದ್ದನ್ನೂ ಒಂದೇ ಸಮ ಹೆಚ್ಚಿಸುತ್ತದೆ. ಪಾತ್ರೆ ಬಿದ್ದ ಸದ್ದಿಗೆ ಮಿತಿ ಹಾಕುವ ಏರ್ಪಾಡು ಬಹಳಷ್ಟರಲ್ಲಿ ಇರುವುದಿಲ್ಲ. ಉಳಿದಿರುವ ಕೇಳ್ಮೆಗೂ ಅದರಿಂದ ಪೆಟ್ಟಾಗಬಹುದು.

ಹಂತ 3: ಎಲ್ಲಿ ಕೇಳಿಸಬೇಕು ಎಂದು ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಐದು ಸಂದರ್ಭ ಬರೆಯಿರಿ, ಮುಖ್ಯವಾದದ್ದು ಮೇಲೆ. "ಚೆನ್ನಾಗಿ ಕೇಳಬೇಕು" ಎಂದರೆ ಆಡಿಯಾಲಜಿಸ್ಟ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ. "ಮೊಮ್ಮಗಳು ಅಮೆರಿಕದಿಂದ ವಾಟ್ಸ್‌ಆಪ್‌ನಲ್ಲಿ ಮಾತಾಡುವುದು", "ಅಂಗಡಿಯಲ್ಲಿ ಗಿರಾಕಿ ಕೇಳಿದ್ದು", "ಸಂಘದ ಸಭೆಯಲ್ಲಿ ಹಿಂದಿನ ಸಾಲಿನಿಂದ ಬರುವ ಮಾತು", "ರಾತ್ರಿ ಟಿವಿ" ಹೀಗೆ ಬರೆಯಿರಿ. ಸಾಧನ ಬೇಕಾದವರೇ ಬರೆಯಬೇಕು. ಮಕ್ಕಳು ಬರೆದರೆ ಅದು ಮಕ್ಕಳ ತೊಂದರೆಯ ಪಟ್ಟಿಯಾಗುತ್ತದೆ.

ಅದೇ ಹಾಳೆಯ ಹಿಂದೆ ಇಷ್ಟನ್ನು ಗುರುತು ಹಾಕಿ. ಕೈ ನಡುಗುತ್ತದೆಯೇ? ಬೆರಳ ತುದಿಯಲ್ಲಿ ಜೋಮು ಇದೆಯೇ (ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಸಾಮಾನ್ಯ)? ಹತ್ತಿರದ್ದು ಕಾಣುತ್ತದೆಯೇ? ಕಿವಿ ಆಗಾಗ ಸೋರುತ್ತದೆಯೇ? ಒಬ್ಬರೇ ಇರುತ್ತಾರೆಯೇ, ಸೆಲ್ಲು ಬದಲಿಸಲು ಯಾರಾದರೂ ಜೊತೆಗಿದ್ದಾರೆಯೇ? ಹೊಲ, ಗದ್ದೆ, ದೂಳು, ಔಷಧಿ ಸಿಂಪಡಣೆ? ದಿನವೂ ಹೆಲ್ಮೆಟ್? ಕೈಯಲ್ಲಿರುವುದು ಯಾವ ಫೋನು? ಮುಂದಿನ ಹಂತಗಳಲ್ಲಿ ಒಂದೊಂದೂ ಲೆಕ್ಕಕ್ಕೆ ಬರುತ್ತದೆ.

ಹಂತ 4: ಆಕಾರ ಆರಿಸಿ

ಎಲ್ಲರೂ ಮೊದಲು ಕೇಳುವುದು "ಹೊರಗೆ ಕಾಣದ್ದು ಕೊಡಿ" ಎಂದು. ಹೆಚ್ಚಿನ ಹಿರಿಯರಿಗೆ ತಪ್ಪು ಆಯ್ಕೆಯಾಗುವುದು ಅದೇ.

ಪೂರ್ತಿ ಕಿವಿಯೊಳಗೆ ಕೂರುವುದು, ಅಂದರೆ ಸಿಐಸಿ ಮತ್ತು ಅದಕ್ಕಿಂತ ಚಿಕ್ಕ ಐಐಸಿ. ಅಲ್ಪದಿಂದ ಮಧ್ಯಮ ನಷ್ಟಕ್ಕೆ ಸರಿ. ಹೆಲ್ಮೆಟ್, ಕನ್ನಡಕ, ಮಾಸ್ಕ್ ಯಾವುದಕ್ಕೂ ತೊಡಕಿಲ್ಲ. ಆದರೆ ಗುಗ್ಗೆ, ಬೆವರು ನೇರವಾಗಿ ತಗಲುತ್ತವೆ, ರಿಪೇರಿ ಹೆಚ್ಚು. ಇದಕ್ಕೆ ಹಾಕುವ 10ನೇ ನಂಬರಿನ ಸೆಲ್ಲು ಮೆಣಸಿನ ಕಾಳಿನಷ್ಟಿರುತ್ತದೆ, ನಡುಗುವ ಕೈಗೆ ಅಸಾಧ್ಯ. ಜಾಗ ಸಾಲದೆ ಎರಡು ಮೈಕ್ ಕೂರಿಸಲಾಗದ್ದರಿಂದ ಗದ್ದಲದಲ್ಲಿ ಎದುರಿನವರ ಮಾತನ್ನು ಆರಿಸಿಕೊಳ್ಳುವ ಶಕ್ತಿ ಕಡಿಮೆ. ಹಲವು ಮಾದರಿಗಳಲ್ಲಿ ಬ್ಲೂಟೂತ್ ಕೂಡ ಇರುವುದಿಲ್ಲ. ಕಿವಿ ಸೋರುವವರು ಇದನ್ನು ಯೋಚಿಸಲೇಬಾರದು.

ಕಿವಿಯ ಹಿಂದೆ ಪುಟ್ಟ ದೇಹ, ಸಣ್ಣ ತಂತಿಯ ತುದಿಯಲ್ಲಿ ಸ್ಪೀಕರ್: ಇದು ಆರ್‌ಐಸಿ. ಅಲ್ಪದಿಂದ ತೀವ್ರದವರೆಗೆ, ಸ್ಪೀಕರಿನ ಶಕ್ತಿ ಬದಲಿಸಿಕೊಂಡು ಹೊಂದಿಸಬಹುದು. ಮುಂದೆ ನಷ್ಟ ಹೆಚ್ಚಾದರೆ ಸ್ಪೀಕರ್ ಮಾತ್ರ ಬದಲಿಸಿದರೂ ಆಗುತ್ತದೆ. ವಯಸ್ಸಿನ ಇಳಿಜಾರು ಕಿವುಡಿಗೆ, ತುದಿಗೆ ತೂತುಗಳಿರುವ ಮೆತ್ತನೆಯ ರಬ್ಬರ್ ಡೋಮ್ ಹಾಕಿದ ಆರ್‌ಐಸಿ ಬಹಳ ಮಂದಿಗೆ ಒಗ್ಗುತ್ತದೆ; ಕಿವಿ ಮುಚ್ಚಿದಂತೆನಿಸುವುದಿಲ್ಲ, ತಮ್ಮದೇ ದನಿ ಗುಡುಗುವುದಿಲ್ಲ. ಇದರ ದುರ್ಬಲ ಭಾಗ ಆ ಸ್ಪೀಕರ್. ಗುಗ್ಗೆ ತಡೆಯುವ ಪುಟ್ಟ ಬಿಳಿ ಫಿಲ್ಟರನ್ನು ತಿಂಗಳಿಗೊಮ್ಮೆಯಾದರೂ ನೋಡಿ, ಕಟ್ಟಿಕೊಂಡಿದ್ದರೆ ಬದಲಿಸಬೇಕು.

ಕಿವಿಯ ಹಿಂದಿನ ಬಿಟಿಇ, ಅಚ್ಚು ತೆಗೆದು ಮಾಡಿಸಿದ ಇಯರ್ ಮೋಲ್ಡ್ ಜೊತೆ. ನೋಡಲು ದೊಡ್ಡದು, ಬಾಳಿಕೆಯಲ್ಲಿ ಎಲ್ಲಕ್ಕಿಂತ ಮುಂದು. ಅಲ್ಪದಿಂದ ಅತಿ ತೀವ್ರದವರೆಗೆ ಸಿಗುತ್ತದೆ. ಎಲೆಕ್ಟ್ರಾನಿಕ್ ಭಾಗವೆಲ್ಲ ಕಿವಿಯ ಹೊರಗಿರುವುದರಿಂದ ಬೆವರು, ಗುಗ್ಗೆಗೆ ಕೆಡುವುದು ಕಡಿಮೆ. ಮೋಲ್ಡನ್ನು ಬಿಚ್ಚಿ ತೊಳೆಯಬಹುದು. ಕೈ ನಡುಗುವವರು, ಕಣ್ಣು ಮಂದವಾದವರು, ಹೊಲದಲ್ಲಿ ದುಡಿಯುವವರು, ಸರ್ವಿಸ್ ಸೆಂಟರ್ ದೂರವಿರುವವರು ಮೊದಲು ನೋಡಬೇಕಾದದ್ದು ಇದನ್ನೇ. ಕಿವಿ ಆಗಾಗ ಸೋರುವವರಿಗೆ ಗಾಳಿಯಾಡುವ ತೂತಿರುವ ಮೋಲ್ಡ್ ಕೊಡಬಹುದು. ಸೋರುವುದು ನಿಲ್ಲದಿದ್ದರೆ ಮೂಳೆಯ ಮೂಲಕ ಕೇಳಿಸುವ ಸಾಧನದ ಬಗ್ಗೆ ವೈದ್ಯರನ್ನು ಕೇಳಿ.

ಜೇಬಿನಲ್ಲಿಡುವ ಪಾಕೆಟ್ ಮಾಡೆಲ್ ಈಗಲೂ ಸಿಗುತ್ತದೆ. ಪೆನ್ಸಿಲ್ ಸೆಲ್ಲು, ದೊಡ್ಡ ಗುಂಡಿ, ಕಡಿಮೆ ಬೆಲೆ. ಅಂಗಿ ಉಜ್ಜಿದ ಸದ್ದೆಲ್ಲ ಕಿವಿಗೆ ಬರುತ್ತದೆ. ಹಾಸಿಗೆ ಹಿಡಿದವರಿಗೆ, ಬೆರಳು ಆಡದವರಿಗೆ ಇದೂ ಒಂದು ದಾರಿ.

ಹಂತ 5: ಸೆಲ್ಲೋ, ಚಾರ್ಜೋ

ಸೆಲ್ಲುಗಳನ್ನು ಬಣ್ಣದಿಂದ ಗುರುತಿಸಿ: 10 ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ಎಲ್ಲ ಕಂಪನಿಗೂ ಇದೇ ಬಣ್ಣ. ಚಿಕ್ಕದಾದಷ್ಟೂ ಬೇಗ ಮುಗಿಯುತ್ತವೆ. 312 ಸುಮಾರು ಒಂದು ವಾರ, 13 ಹತ್ತು ಹನ್ನೆರಡು ದಿನ ಬರುತ್ತದೆ. ಬ್ಲೂಟೂತ್ ಹೆಚ್ಚು ಬಳಸಿದರೆ ಇನ್ನೂ ಕಡಿಮೆ. ಲೆಕ್ಕ ಹಾಕಿ ನೋಡಿ: ಎರಡು ಕಿವಿಗೆ 312 ಹಾಕಿದರೆ ವರ್ಷಕ್ಕೆ ನೂರರ ಆಸುಪಾಸು ಸೆಲ್ಲು. ಒಂದಕ್ಕೆ 30–40 ರೂಪಾಯಿ ಹಿಡಿದರೂ ಮೂರು ನಾಲ್ಕು ಸಾವಿರ. ಸಾಧನದ ಬೆಲೆ ಹೇಳುವಾಗ ಇದನ್ನು ಯಾರೂ ಹೇಳುವುದಿಲ್ಲ.

ಈ ಸೆಲ್ಲುಗಳು ಗಾಳಿಯಿಂದ ಜೀವ ಪಡೆಯುತ್ತವೆ. ಸ್ಟಿಕ್ಕರ್ ಕಿತ್ತ ಮೇಲೆ ಎರಡು ಮೂರು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಿ. ತಕ್ಷಣ ಹಾಕಿದರೆ ಗಾಳಿ ಸಾಲದೆ ಬೇಗ ಬೀಳುತ್ತದೆ. ಒಮ್ಮೆ ಕಿತ್ತರೆ ಬಳಸಿದರೂ ಬಳಸದಿದ್ದರೂ ಖಾಲಿಯಾಗುತ್ತ ಹೋಗುತ್ತದೆ. ರಾತ್ರಿ ಸೆಲ್ಲಿನ ಬಾಗಿಲು ತೆರೆದಿಡಿ. ಹಳೆಯ ಸೆಲ್ಲನ್ನು ಮಕ್ಕಳ ಕೈಗೆ, ಗುಳಿಗೆಯ ಡಬ್ಬಿಗೆ ಸೇರಿಸಬೇಡಿ. ಯಾರಾದರೂ ನುಂಗಿದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಚಾರ್ಜ್ ಮಾಡುವ ಸಾಧನಕ್ಕೆ ಬೆಲೆ ಹೆಚ್ಚು, ಬಳಕೆ ಸುಲಭ: ರಾತ್ರಿ ಡಬ್ಬಿಯಲ್ಲಿಟ್ಟರೆ ಬೆಳಗಿನಿಂದ ಮಲಗುವವರೆಗೆ ಸಾಕು. ಸೆಲ್ಲು ಹಾಕಲಾಗದ ಕೈಗಳಿಗೆ ಇದು ನಿಜವಾದ ಅನುಕೂಲ. ಹಳ್ಳಿಯಲ್ಲಿ ಕರೆಂಟು ಕೈಕೊಡುವುದಾದರೆ, ತೀರ್ಥಯಾತ್ರೆ, ಪ್ರವಾಸ ಹೆಚ್ಚಾಗಿದ್ದರೆ ಡಬ್ಬಿಯೊಳಗೇ ಪವರ್ ಬ್ಯಾಂಕ್ ಇರುವುದನ್ನು ಕೇಳಿ. ಒಳಗಿನ ಬ್ಯಾಟರಿ ನಾಲ್ಕೈದು ವರ್ಷಕ್ಕೆ ಸವೆಯುತ್ತದೆ. ಅದನ್ನು ಬದಲಿಸಲು ಎಷ್ಟಾಗುತ್ತದೆ, ಊರಲ್ಲೇ ಆಗುತ್ತದೆಯೇ, ಕಂಪನಿಗೆ ಕಳಿಸಬೇಕೇ ಎಂದು ಕೊಳ್ಳುವ ದಿನವೇ ಬರೆಸಿಕೊಳ್ಳಿ.

ಹಂತ 6: ಯಾವ ಸೌಲಭ್ಯಕ್ಕೆ ದುಡ್ಡು ಕೊಡಬೇಕು

ಮಾರುವವರು ಮೊದಲು ಹೇಳುವುದು ಚಾನೆಲ್ ಲೆಕ್ಕ. ಸದ್ದನ್ನು ಎಷ್ಟು ಭಾಗವಾಗಿ ವಿಂಗಡಿಸಿ ಬೇರೆ ಬೇರೆ ಹೆಚ್ಚಿಸಬಹುದು ಎಂಬುದೇ ಚಾನೆಲ್. ಎರಡರಿಂದ ಎಂಟಕ್ಕೆ ಹೋದಾಗ ಆಗುವ ಉಪಯೋಗ ಹದಿನಾರರಿಂದ ಇಪ್ಪತ್ತನಾಲ್ಕಕ್ಕೆ ಹೋದಾಗ ಆಗುವುದಿಲ್ಲ. ಎಂಟರ ಮೇಲಿದ್ದರೆ ಆ ಸಂಖ್ಯೆಯನ್ನು ಬಿಟ್ಟು ಮುಂದೆ ನೋಡಿ.

ಗದ್ದಲದಲ್ಲಿ ಓಡಾಡುವವರು ಕೇಳಲೇಬೇಕಾದದ್ದು ಡೈರೆಕ್ಷನಲ್ ಮೈಕ್, ಅಂದರೆ ಎದುರಿನ ಮಾತನ್ನು ಮುಂದಿಟ್ಟು ಹಿಂದಿನ ಸದ್ದನ್ನು ತಗ್ಗಿಸುವ ಏರ್ಪಾಡು. ಮದುವೆ ಮಂಟಪ, ಹೋಟೆಲು, ಬ್ಯಾಂಕಿನ ಕೌಂಟರು ಇಂಥ ಕಡೆ ಮಾತು ತಿಳಿಯಲು ನೆರವಾಗುವುದು ಇದು. ಗದ್ದಲ ತಗ್ಗಿಸುವ ನಾಯ್ಸ್ ರಿಡಕ್ಷನ್ ಬೇರೆ. ಅದರಿಂದ ಕಿವಿಗೆ ಆಯಾಸ ಕಡಿಮೆ, ಮಾತು ಹೆಚ್ಚು ತಿಳಿಯಾಗುತ್ತದೆ ಎಂದೇನಿಲ್ಲ. ಜೋರು ಗದ್ದಲದಲ್ಲಿ ಮೂವತ್ತು ಅಡಿ ದೂರದವರ ಮಾತು ಯಾವ ಸಾಧನದಲ್ಲೂ ಸ್ಪಷ್ಟವಾಗುವುದಿಲ್ಲ. ಹಾಗೆ ಆಗುತ್ತದೆ ಎಂದು ಹೇಳುವ ಅಂಗಡಿಯಿಂದ ಎದ್ದುಬನ್ನಿ.

ಫೋನು ಮುಖ್ಯವಾದರೆ ಬ್ಲೂಟೂತ್ ಬೇಕು. ಐಫೋನಿಗೆ ಹೊಂದುವುದು ಎಲ್ಲ ಆಂಡ್ರಾಯ್ಡ್‌ಗೂ ಹೊಂದುವುದಿಲ್ಲ. ನಿಮ್ಮ ಫೋನನ್ನೇ ತೆಗೆದುಕೊಂಡು ಹೋಗಿ, ಅಲ್ಲೇ ಜೋಡಿಸಿ, ಒಂದು ಕರೆ ಮಾಡಿ ನೋಡಿ. ಕೆಲವು ಮಾದರಿಗಳಲ್ಲಿ ಎದುರಿನವರ ದನಿ ಕಿವಿಗೆ ಬರುತ್ತದೆ, ನೀವು ಮಾತಾಡಲು ಮಾತ್ರ ಫೋನನ್ನು ಬಾಯಿಯ ಹತ್ತಿರ ಹಿಡಿಯಬೇಕು. ಕೀಪ್ಯಾಡ್ ಫೋನ್ ಬಳಸುವ ಅಜ್ಜನಿಗೆ ಬ್ಲೂಟೂತ್‌ಗಾಗಿ ಇಪ್ಪತ್ತು ಸಾವಿರ ಹೆಚ್ಚು ಕೊಡುವುದರಲ್ಲಿ ಅರ್ಥವಿಲ್ಲ.

ಪಾಠ ಮಾಡುವವರು, ಸಭೆಗಳಲ್ಲಿ ಕೂರುವವರು ರಿಮೋಟ್ ಮೈಕ್ ಕೇಳಿ. ಮಾತಾಡುವವರ ಕೊರಳಿಗೆ ಅಥವಾ ಮೇಜಿನ ಮೇಲಿಟ್ಟರೆ ದನಿ ನೇರ ನಿಮ್ಮ ಕಿವಿಗೆ ಬರುತ್ತದೆ. ಮಧ್ಯಮ ದರ್ಜೆಯ ಸಾಧನದ ಜೊತೆ ಇದೊಂದನ್ನು ಕೊಳ್ಳುವುದು, ಬರೀ ಮೇಲ್ದರ್ಜೆಯ ಸಾಧನಕ್ಕೆ ಹೋಗುವುದಕ್ಕಿಂತ ಎಷ್ಟೋ ಸಲ ಮೇಲು. ಸಂಗೀತ ಕೇಳುವವರು, ಹಾಡುವವರು ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿಸಿಕೊಳ್ಳಿ. ಮಾತಿಗೆ ಹೊಂದಿಸಿದ್ದರಲ್ಲಿ ತಂಬೂರಿಯ ಶ್ರುತಿಯನ್ನೇ ಗದ್ದಲವೆಂದು ಸಾಧನ ತಗ್ಗಿಸಿಬಿಡಬಹುದು.

ಹಂತ 7: ದುಡ್ಡಿನ ಲೆಕ್ಕ

ಬೆಲೆ ಹೇಳುವುದು ಒಂದು ಕಿವಿಗೆ. ಇದನ್ನು ಮೊದಲೇ ಖಚಿತ ಮಾಡಿಕೊಳ್ಳಿ. ಸುಮಾರಾಗಿ ಹೇಳುವುದಾದರೆ ಮೂಲ ದರ್ಜೆಯ ಡಿಜಿಟಲ್ ಬಿಟಿಇ ಹತ್ತು ಇಪ್ಪತ್ತು ಸಾವಿರದ ನಡುವೆ, ಮಧ್ಯಮ ದರ್ಜೆ ಮೂವತ್ತರಿಂದ ಎಪ್ಪತ್ತು ಸಾವಿರ, ಮೇಲ್ದರ್ಜೆ ಲಕ್ಷದಿಂದ ಮೇಲೆ. ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ. ಬಿಲ್ಲಿನಲ್ಲಿ ಸಾಧನದ ಬೆಲೆಯ ಮೇಲೆ ತೆರಿಗೆ ಸೇರಿಸಿದ್ದರೆ ಕೇಳಿ.

ಎರಡೂ ಕಿವಿ ಒಂದೇ ಸಮ ಮಂದವಾಗಿದ್ದು ಅರವತ್ತು ಸಾವಿರ ಇದ್ದರೆ, ಒಂದಕ್ಕೆ ಅರವತ್ತು ಹಾಕುವ ಬದಲು ಎರಡಕ್ಕೂ ಮೂವತ್ತರದ್ದು ಕೊಳ್ಳಿ. ಸದ್ದು ಯಾವ ಕಡೆಯಿಂದ ಬಂತು ಎಂದು ತಿಳಿಯುವುದು ಎರಡೂ ಕಿವಿ ಕೇಳಿದಾಗ; ರಸ್ತೆ ದಾಟುವವರಿಗೆ ಇದು ಸಣ್ಣ ಮಾತಲ್ಲ. ಗದ್ದಲದಲ್ಲಿ ಮಾತು ಹಿಡಿಯುವುದಕ್ಕೂ ಎರಡು ಕಿವಿ ಬೇಕು. ಒಂದು ಕಿವಿಯ ಮಾತಿನ ಅಂಕ ತೀರ ಕಡಿಮೆ ಇದ್ದರೆ, ಸೋರುತ್ತಿದ್ದರೆ ಮಾತ್ರ ಒಂದಕ್ಕೇ ನಿಲ್ಲಬಹುದು. ಈಗ ಒಂದು, ಆಮೇಲೆ ಒಂದು ಎಂದುಕೊಂಡರೆ ಎರಡನೆಯದೂ ಅದೇ ಕಂಪನಿಯ ಅದೇ ಮಾದರಿ ಆಗಿರಲಿ. ಬೇರೆ ಬೇರೆಯದಾದರೆ ಎರಡೂ ಸೇರಿ ಕೆಲಸ ಮಾಡುವುದಿಲ್ಲ.

ಒಟ್ಟು ಖರ್ಚಿನಲ್ಲಿ ಐದು ವರ್ಷದ ಸೆಲ್ಲು, ಡೋಮ್, ಫಿಲ್ಟರ್, ಮೋಲ್ಡಿನ ನಳಿಗೆ, ವಾರಂಟಿ ಮುಗಿದ ಮೇಲಿನ ರಿಪೇರಿ ಸೇರಿಸಿ. ಒಂದು ಸಾಧನ ಸರಾಸರಿ ಐದು ವರ್ಷ ಬಾಳುತ್ತದೆ. ಸಾಲ ಮಾಡಿ ಮೇಲ್ದರ್ಜೆಯದಕ್ಕೆ ಹೋಗಿ ಆಮೇಲೆ ಸೆಲ್ಲಿಗೆ ಹಿಂದೆಮುಂದೆ ನೋಡುವಂತಾದರೆ ಅದು ಕಿವಿಗಿಂತ ಡಬ್ಬಿಯಲ್ಲೇ ಹೆಚ್ಚು ಇರುತ್ತದೆ.

ಖರ್ಚು ಭರಿಸಲಾಗದವರಿಗೆ ದಾರಿಗಳಿವೆ. ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಶೇಕಡಾ 40 ಅಥವಾ ಹೆಚ್ಚಿನ ಅಂಗವೈಕಲ್ಯ ಪ್ರಮಾಣಪತ್ರ ಇದ್ದು ತಿಂಗಳ ಆದಾಯ 22,500 ರೂಪಾಯಿ ಮೀರದಿದ್ದರೆ ಸಾಧನ ಉಚಿತ. 30,000ದವರೆಗೆ ಅರ್ಧ ಬೆಲೆ. ಒಮ್ಮೆ ಪಡೆದರೆ ದೊಡ್ಡವರು ಮೂರು ವರ್ಷ ಕಾಯಬೇಕು. ಪ್ರಮಾಣಪತ್ರಕ್ಕೆ, ಅಂದರೆ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಜಿಲ್ಲಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಬೇಕು. ಆ ಲೆಕ್ಕದಲ್ಲಿ ಚೆನ್ನಾಗಿ ಕೇಳುವ ಕಿವಿಗೇ ಹೆಚ್ಚು ತೂಕ, ಹಾಗಾಗಿ ಒಂದೇ ಕಿವಿ ಹೋದವರಿಗೆ ಶೇಕಡಾ 40 ಸಿಗುವುದಿಲ್ಲ. ಬಡ ಕುಟುಂಬದ ಹಿರಿಯರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲೂ ಶ್ರವಣ ಸಾಧನ ಇದೆ. ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್, ಕಾರ್ಮಿಕರ ಇಎಸ್‌ಐ ಆರೋಗ್ಯ ಯೋಜನೆಗಳ ಫಲಾನುಭವಿಗಳಿಗೆ ಮಿತಿಯೊಳಗೆ ಹಣ ಮರಳುತ್ತದೆ, ಆದರೆ ಒಪ್ಪಿಗೆ ಪಡೆಯದೆ ಮೊದಲೇ ಕೊಳ್ಳಬೇಡಿ. ಖಾಸಗಿ ಆರೋಗ್ಯ ವಿಮೆಗಳಲ್ಲಿ ಬಹುತೇಕ ಇದಕ್ಕೆ ಹಣ ಬರುವುದಿಲ್ಲ. ಪಾಲಿಸಿಯ ಕಾಗದ ಓದಿ.

ಕರ್ನಾಟಕದವರಿಗೆ ಇನ್ನೊಂದು ಭಾಗ್ಯವೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಲ್ಲಿ ಶುರುವಾದ ಈ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಪರೀಕ್ಷೆ, ಬೇರೆ ಬೇರೆ ಸಾಧನ ಹಾಕಿ ನೋಡುವುದು, ಇಯರ್ ಮೋಲ್ಡ್ ಎಲ್ಲ ಒಂದೇ ಕಡೆ ಆಗುತ್ತದೆ; ರಿಯಾಯಿತಿ ದರದಲ್ಲೂ ಸಾಧನ ಸಿಗುತ್ತದೆ. ಜನ ಹೆಚ್ಚು, ಒಂದೇ ದಿನದಲ್ಲಿ ಮುಗಿಯದಿರಬಹುದು, ಉಳಿಯುವ ಏರ್ಪಾಡು ಮಾಡಿಕೊಂಡು ಹೋಗಿ. ಮಣಿಪಾಲ, ಮಂಗಳೂರು, ಬೆಂಗಳೂರಿನಲ್ಲಿ ಶ್ರವಣ ಶಾಸ್ತ್ರ ಕಲಿಸುವ ಕಾಲೇಜುಗಳ ಚಿಕಿತ್ಸಾಲಯಗಳೂ ಒಳ್ಳೆಯ ಆಯ್ಕೆ.

ಹಂತ 8: ದುಡ್ಡು ಕೊಡುವ ಮುನ್ನ ಕೇಳಬೇಕಾದವು

1. ಮನೆಗೆ ಒಯ್ದು ಒಂದೆರಡು ವಾರ ಬಳಸಿ ನೋಡಬಹುದೇ? ಠೇವಣಿ ಎಷ್ಟು, ಬೇಡವಾದರೆ ಎಷ್ಟು ಮರಳುತ್ತದೆ? ಬರಹದಲ್ಲಿ ಪಡೆಯಿರಿ.

2. ಕಿವಿಯೊಳಗೆ ನಿಜವಾಗಿ ಎಷ್ಟು ಸದ್ದು ತಲುಪುತ್ತಿದೆ ಎಂದು ಅಳೆಯುತ್ತೀರಾ? ಇದಕ್ಕೆ ರಿಯಲ್ ಇಯರ್ ಮೆಷರ್‌ಮೆಂಟ್ ಎನ್ನುತ್ತಾರೆ. ದಾರದಂಥ ಮೆತ್ತನೆಯ ನಳಿಗೆಯನ್ನು ಸಾಧನದ ಜೊತೆ ಕಿವಿಯೊಳಗಿಟ್ಟು ಅಳೆಯುವುದು, ನೋವಿಲ್ಲ. ಕಂಪ್ಯೂಟರ್ ತಾನೇ ಹಾಕುವ ಮೊದಲ ಹೊಂದಿಕೆ ಸರಾಸರಿ ಕಿವಿಗೆ ಮಾಡಿದ್ದು. ನಿಮ್ಮ ಕಿವಿಯ ನಾಳ ಅಗಲವೋ ಕಿರಿದೋ ಅದಕ್ಕೆ ಗೊತ್ತಿಲ್ಲ. ಈ ಯಂತ್ರ ಎಲ್ಲ ಕಡೆ ಇಲ್ಲ. ಇಲ್ಲದಿದ್ದರೆ ಸಾಧನ ಹಾಕಿಕೊಂಡು ಅದೇ ಕೋಣೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿ. ಹಾಕದೆ ಎಷ್ಟು ಪದ ಹಿಡಿದರು, ಹಾಕಿ ಎಷ್ಟು ಹಿಡಿದರು ಎಂಬ ಎರಡು ಅಂಕ ಪಕ್ಕಪಕ್ಕ ಇರಲಿ.

3. ಮೊದಲ ವರ್ಷ ಎಷ್ಟು ಸಲ ಉಚಿತವಾಗಿ ತಿದ್ದಿಕೊಡುತ್ತೀರಿ?

4. ಈ ಸಾಧನವನ್ನು ಬೇರೆ ಊರಿನ ಯಾವ ಆಡಿಯಾಲಜಿಸ್ಟ್ ಆದರೂ ತಿದ್ದಬಹುದೇ, ನಿಮ್ಮ ಮಳಿಗೆಗಳಲ್ಲಿ ಮಾತ್ರವೇ? ಕೆಲವು ಸರಣಿ ಮಳಿಗೆಗಳ ಸಾಧನ ಹೊರಗಿನವರಿಗೆ ತೆರೆಯುವುದಿಲ್ಲ. ಮಗನ ಮನೆ ಬೆಂಗಳೂರಲ್ಲಿ, ಅಪ್ಪ ಅಮ್ಮ ಊರಲ್ಲಿ ಎನ್ನುವ ಮನೆಗಳಿಗೆ ಈ ಪ್ರಶ್ನೆ ಬಹಳ ಮುಖ್ಯ. ಸಾಧನವನ್ನು ಬಳಸುವವರು ಇರುವ ಊರಿಗೆ ಹತ್ತಿರ ಕೊಳ್ಳಿ.

5. ವಾರಂಟಿ ಎಷ್ಟು ವರ್ಷ, ಸ್ಪೀಕರ್ ಸೇರಿದೆಯೇ, ಕಳೆದುಹೋದರೆ ಏನು? ಬಿಲ್ಲಿನಲ್ಲಿ ಮಾದರಿಯ ಹೆಸರು, ಎರಡೂ ಸಾಧನದ ಸೀರಿಯಲ್ ನಂಬರು ಇರಬೇಕು.

"ಇವತ್ತೇ ತಗೊಂಡರೆ ಅರ್ಧ ಬೆಲೆ" ಎಂದರೆ ಅವತ್ತು ಕೊಳ್ಳಬೇಡಿ.

ಹಂತ 9: ಮೊದಲ ಆರು ವಾರ

ವರ್ಷಗಟ್ಟಲೆ ಕೇಳದಿದ್ದ ಸದ್ದು ಒಮ್ಮೆಲೇ ಬಂದರೆ ಮೆದುಳಿಗೆ ಗಾಬರಿ. ಕುಕ್ಕರ್, ಪೇಪರ್ ಮಡಚುವುದು, ನಲ್ಲಿ, ತಮ್ಮದೇ ಹೆಜ್ಜೆ ಎಲ್ಲವೂ ಚುಚ್ಚಿದಂತೆ. ಇದು ಸಾಧನದ ದೋಷವಲ್ಲ, ಅದಕ್ಕೇ ಮೊದಲು ಸ್ವಲ್ಪ ಕಡಿಮೆ ಇಟ್ಟು ಆಮೇಲೆ ಏರಿಸುತ್ತಾರೆ.

ಮೊದಲ ವಾರ ಮನೆಯೊಳಗೆ, ಒಬ್ಬರ ಜೊತೆ ಎದುರುಬದುರು ಕೂತು ಮಾತಾಡುವಾಗ, ದಿನಕ್ಕೆ ಎರಡು ಮೂರು ಗಂಟೆ. ಎರಡನೇ ವಾರ ಟಿವಿ, ಅಂಗಳ, ನಾಲ್ಕೈದು ಗಂಟೆ. ಮೂರನೆಯದರಿಂದ ಎದ್ದು ಮುಖ ತೊಳೆದ ಮೇಲೆ ಹಾಕಿ ಮಲಗುವಾಗ ತೆಗೆಯುವುದು. ಮದುವೆ ಮನೆ, ಜಾತ್ರೆಯನ್ನು ಮೊದಲ ತಿಂಗಳು ಪರೀಕ್ಷೆಯ ಜಾಗವಾಗಿ ಮಾಡಬೇಡಿ. "ಬೇಕಾದಾಗ ಮಾತ್ರ ಹಾಕ್ತೀನಿ" ಎನ್ನುವವರಿಗೆ ಅಭ್ಯಾಸವೇ ಆಗುವುದಿಲ್ಲ. ದಿನಕ್ಕೆ ಎಷ್ಟು ಗಂಟೆ ಹಾಕಿದ್ದಾರೆಂದು ಹಲವು ಸಾಧನಗಳಲ್ಲಿ ದಾಖಲಾಗುತ್ತದೆ; ತಿದ್ದಲು ಹೋದಾಗ ಅದನ್ನು ತೋರಿಸಲು ಹೇಳಿ.

ಏನು ತೊಂದರೆ, ಎಲ್ಲಿ, ಯಾರ ದನಿ ಎಂದು ಬರೆದಿಟ್ಟುಕೊಂಡು ಹೋದರೆ ತಿದ್ದುವುದು ಸುಲಭ. "ನನ್ನ ದನಿ ಕೊಡದೊಳಗೆ ಮಾತಾಡಿದಂತಿದೆ" ಎಂದರೆ ಡೋಮ್ ಅಥವಾ ಮೋಲ್ಡಿನ ತೂತು ದೊಡ್ಡದಾಗಬೇಕು. "ಪಾತ್ರೆ ಸದ್ದು ಸಹಿಸಲಾಗುವುದಿಲ್ಲ" ಎಂದರೆ ಗರಿಷ್ಠ ಸದ್ದಿನ ಮಿತಿ ಇಳಿಯಬೇಕು. "ಎಲ್ಲ ಮಬ್ಬು" ಎಂದರೆ ಏರುಸ್ವರದ ಭಾಗ ಸಾಲದು. ಸುಮ್ಮನೆ "ಸರಿಯಿಲ್ಲ" ಎಂದರೆ ಒಟ್ಟು ಸದ್ದನ್ನೇ ತಗ್ಗಿಸಿ ಕಳಿಸುತ್ತಾರೆ, ಆಮೇಲೆ ಮಾತೂ ಕೇಳುವುದಿಲ್ಲ. ಕನಿಷ್ಠ ಮೂರು ಸಲ ತಿದ್ದಿಸಲು ಹೋಗಬೇಕಾಗುತ್ತದೆ ಎಂದು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಹಂತ 10: ಕೆಡದಂತೆ ನೋಡಿಕೊಳ್ಳುವುದು

ಕರಾವಳಿ, ಮಲೆನಾಡಿನ ಮಳೆಗಾಲ ಈ ಸಾಧನಗಳ ದೊಡ್ಡ ವೈರಿ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಹರಳು ಹಾಕಿ ರಾತ್ರಿ ಅದರಲ್ಲಿಡಿ. ಹರಳಿನ ಬಣ್ಣ ಬದಲಾದರೆ ಹೊಸದು ಹಾಕಿ. ಐಪಿ68 ಎಂಬ ಗುರುತು ದೂಳು ಮತ್ತು ನೀರು ತಡೆಯುವ ಗುಣದ್ದು. ಸ್ನಾನಕ್ಕೂ ಸಮುದ್ರಕ್ಕೂ ಹಾಕಿಕೊಂಡು ಹೋಗಬಹುದು ಎಂಬ ಅರ್ಥವಲ್ಲ. ನೆಂದರೆ ಸೆಲ್ಲು ತೆಗೆದು, ಒಣಬಟ್ಟೆಯಿಂದ ಒರೆಸಿ ಹರಳಿನ ಡಬ್ಬಿಗೆ ಹಾಕಿ. ಬಿಸಿಲು, ಹೇರ್ ಡ್ರೈಯರ್, ಒಲೆಯ ಕಾವು ಬೇಡ.

ಎಣ್ಣೆ ಸ್ನಾನದ ದಿನ ತಲೆಗೆ ಎಣ್ಣೆ ಹಚ್ಚುವ ಮೊದಲೇ ತೆಗೆದಿಡಿ, ಕಿವಿ ಪೂರ್ತಿ ಒಣಗಿದ ಮೇಲೆ ಹಾಕಿ. ಕಿವಿಗೆ ಎಣ್ಣೆ ಬಿಡುವ ರೂಢಿ ನಿಲ್ಲಲೇಬೇಕು. ಸ್ಪೀಕರಿನೊಳಗೆ ಒಂದು ಹನಿ ಹೋದರೂ ಹೊಸದು ಹಾಕಿಸಬೇಕಾದೀತು. ಎಂಆರ್‌ಐ ಕೋಣೆಗೆ ಸಾಧನ ಹಾಕಿಕೊಂಡು ಹೋಗಬೇಡಿ.

ಸದ್ದೇ ಬರದಿದ್ದರೆ ಅಂಗಡಿಗೆ ಓಡುವ ಮುನ್ನ ಹೀಗೆ ನೋಡಿ: ಹೊಸ ಸೆಲ್ಲು ಹಾಕಿ, + ಗುರುತು ಸರಿಯಿದೆಯೇ ನೋಡಿ, ಫಿಲ್ಟರ್ ಬದಲಿಸಿ, ಮೋಲ್ಡಿನ ನಳಿಗೆಯಲ್ಲಿ ನೀರ ಹನಿ ನಿಂತಿದ್ದರೆ ಸಾಧನದಿಂದ ಬಿಡಿಸಿ ಊದಿ ತೆಗೆಯಿರಿ. ಕೀಂಯ್ ಎಂದು ಸೀಟಿ ಹೊಡೆದರೆ ಮೋಲ್ಡ್ ಸರಿಯಾಗಿ ಕೂತಿಲ್ಲ, ಕಿವಿಯಲ್ಲಿ ಗುಗ್ಗೆ ಇದೆ, ಇಲ್ಲವೇ ನಳಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ನಳಿಗೆಯನ್ನು ಆರು ತಿಂಗಳಿಗೊಮ್ಮೆ ಬದಲಿಸುವುದು ಒಳ್ಳೆಯದು. ಮೋಲ್ಡ್ ಸಡಿಲವಾಗಿದ್ದರೆ ಹತ್ತಿ ಸುತ್ತಿ ಹಾಕಬೇಡಿ, ಹೊಸ ಅಚ್ಚು ತೆಗೆಸಿ.

ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆ ಮಾಡಿಸಿ, ಹೊಸ ಆಡಿಯೋಗ್ರಾಂಗೆ ತಕ್ಕಂತೆ ಸಾಧನವನ್ನು ತಿದ್ದಿಸಿ. ಮನೆಯಲ್ಲಿ ಮೂರು ನಾಲ್ಕು ವರ್ಷದ ಹಿಂದೆ ಕೊಂಡು ಬಳಸದೆ ಬಿಟ್ಟ ಸಾಧನ ಇದ್ದರೆ ಹೊಸದಕ್ಕೆ ದುಡ್ಡು ಹಾಕುವ ಮೊದಲು ಅದನ್ನೇ ಹೊಸ ಆಡಿಯೋಗ್ರಾಂ ಜೊತೆ ಆಡಿಯಾಲಜಿಸ್ಟ್ ಬಳಿಗೆ ಒಯ್ಯಿರಿ. ಶಕ್ತಿ ಸಾಲುವಂತಿದ್ದರೆ ಹೊಸ ಮೋಲ್ಡ್ ಮತ್ತು ಹೊಸ ಪ್ರೋಗ್ರಾಮಿಂಗ್ ಎರಡರಿಂದಲೇ ಅದು ಬಳಕೆಗೆ ಬರಬಹುದು.